ಎತ್ತಿದ ಹಲಗೆ

ಮಾಡಗ್ಯಾಳದಿಂದ ಸಮುದ್ರ ನೋಡಬೇಕೆಂದರೆ ಇಡೀ ದಿನ ಬಸ್ಸಿನಲ್ಲಿ ಕೂತು ಸೊಂಟ ಮುರಿದುಕೊಳ್ಳಬೇಕು. ಅಂಥ ಊರಿನ ನಮ್ಮ ಹೊಲದಲ್ಲಿ ಒಂದು ಹಾಯಿದೋಣಿ ನಿಂತಿದೆ. ನೋಡಿದವರು ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ. ದೋಣಿ ನನ್ನ ತಮ್ಮ ಬೀರದೇವನದು. ತಮ್ಮ ಮಾತ್ರ ಇಲ್ಲ.

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು ಸಾಂಗ್ಲಿಯಲ್ಲಿ ವೆಲ್ಡಿಂಗ್ ಕಲಿತು, ರತ್ನಾಗಿರಿ ಕಡೆ ದೋಣಿ ಕಟ್ಟುವವರ ಹತ್ತಿರ ಕೆಲಸಕ್ಕೆ ಸೇರಿದ. ಆಮೇಲೆ ಅವನ ಬಾಯಲ್ಲಿ ದೋಣಿ ಬಿಟ್ಟರೆ ಬೇರೆ ಮಾತಿಲ್ಲ. ಊರಿಗೆ ಬಂದರೆ ಊಟಕ್ಕೆ ಕೂತಲ್ಲೇ ನನ್ನ ತಲೆ ತಿನ್ನುತ್ತಿದ್ದ.

"ಅಣ್ಣಾ, ಬ್ಯಾರೆ ದೋಣಿಗೆ ಹೊಟ್ಟಿ ಕೆಳಗ ದಪ್ಪ ಹಲಗಿ ಖಾಯಂ ಇರ್ತದ. ನೀರು ಇಳೀತಂದ್ರ ಮಗ್ಗಲಾಗಿ ಬೀಳ್ತಾವ. ನಂದು ಹಂಗಲ್ಲ. ಹಲಗಿ ಒಳಗ ಎಳಕೊಂಡ್ರ ಮೊಣಕಾಲಮಟ ನೀರಾಗೂ ನಡೀತದ. ಪೂರಾ ಒಣಗಿತಂದ್ರ ಉಸುಕಿನ ಮ್ಯಾಲ ನೆಟ್ಟಗ ಕುಂದರ್ತದ."

"ಕಲ್ಲಿಗೆ ಬಡದ್ರ?"

"ಅಲ್ಯುಮಿನಿಯಂ ಐತಿ. ತಗ್ಗ ಬೀಳ್ತದ, ಒಡಿಯಂಗಿಲ್ಲ. ಬಣ್ಣದ ಕಟಿಪಿಟಿ ಇಲ್ಲ, ಬಂದರs ಬೇಕಂತ ಇಲ್ಲ. ಅಜ್ಜ ಕುರಿ ಹೊಡಕೊಂಡು ಹೋಗಿ ಎಲ್ಲಿ ಹುಲ್ಲೋ ಅಲ್ಲಿ ಇಳೀತಿದ್ದನಲ್ಲ, ಹಂಗ."

ಅಜ್ಜನ ಹೆಸರು ಎತ್ತಿದ ಮೇಲೆ ನಾನೇನು ಬೈಯಲಿ? ಬೈದೆ ಅನ್ನಿ. ಒಳಗೊಳಗೆ ಹೊಟ್ಟೆಕಿಚ್ಚೂ ಪಟ್ಟೆ. ಅಲೆಯುವುದು ಇಬ್ಬರ ರಕ್ತದಲ್ಲೂ ಇತ್ತು. ಹೊರಟವನು ಮಾತ್ರ ಅವನು.

ಯಾರೋ ಅರ್ಧಕ್ಕೆ ಕೈಬಿಟ್ಟಿದ್ದ ದೋಣಿಯನ್ನು ರಜೆ ಸಿಕ್ಕಾಗೆಲ್ಲ ಬೆಸೆದು ಪೂರ್ತಿ ಮಾಡಿದ. ಹೋದ ವರ್ಷ ದೀಪಾವಳಿ ಮುಗಿಸಿ ಒಬ್ಬನೇ ಹೊರಟ. ಹೆಂಡತಿ ನಂದಾಳಿಗೆ, ಮುಂದಿನ ಸಲ ನೀನೂ ಬಾ ಎಂದಿದ್ದ. ವಾರ ಕಳೆಯುವುದರೊಳಗೆ ದೋಣಿ ಒಂದು ಹೊಳೆ ಸಮುದ್ರ ಸೇರುವ ಕಡೆ ಉಸುಕಿನ ಮೇಲೆ ಕೂತಿತ್ತು, ನೆಟ್ಟಗೆ. ಹಾಯಿ ಹರಿದಿತ್ತು, ಹಲಗೆ ಮೇಲಿತ್ತು, ಒಳಗೆ ಯಾರೂ ಇರಲಿಲ್ಲ. ಹೆಣವೂ ಸಿಗಲಿಲ್ಲ. ದೋಣಿಯನ್ನು ಲಾರಿಯಲ್ಲಿ ತಂದು ಹೊಲದಲ್ಲಿ ಇಳಿಸಿದೆವು. ನಮ್ಮ ಕುರಿಗಳು ಇವತ್ತಿಗೂ ಅದರ ನೆರಳಿಗೆ ಹೋಗುವುದಿಲ್ಲ. ಮಾಡಗ್ಯಾಳದ ಬಿಸಿಲಿನಲ್ಲಿ ನೆರಳು ಬೇಡ ಎನ್ನುವ ಕುರಿಯನ್ನು ನಾನು ಕಂಡಿರಲಿಲ್ಲ.

ಕುರಿ ಮೇಯಿಸಲು ಹೋದವನು ದೂರದಲ್ಲೇ ಸತ್ತು, ಹೆಣ ಬರದಿದ್ದರೆ, ಅವನ ಕಂಬಳಿಯನ್ನು ಹೂಳುವುದು ನಮ್ಮ ಮನೆತನದ ಪದ್ಧತಿ. ಕಂಬಳಿ ಮಣ್ಣಾಗುವ ತನಕ ಅವನು ಇತ್ತ ಮನೆಯವನೂ ಅಲ್ಲ, ಅತ್ತ ಸತ್ತವನೂ ಅಲ್ಲ. ಅವ್ವ ಹಣಮವ್ವ ದಿನಾ ಅದನ್ನೇ ಹೇಳಿ ಅಳುತ್ತಿದ್ದಳು. ಬೀರದೇವನ ಕಂಬಳಿ ಇದ್ದದ್ದು ನಂದಾಳ ಹತ್ತಿರ. ಅವಳು ಕೊಡಲಿಲ್ಲ.

"ಹಲಗಿ ಮ್ಯಾಲಿತ್ತಲ್ರೀ ಭಾವಾರ. ಅದನ್ನ ರಾಟಿ ತಿರುವಿ ಎತ್ತಬೇಕು. ಎತ್ತ್ಯಾರಂದ್ರ ಜೀವಂತ ದಂಡಿಗೆ ಮುಟ್ಟ್ಯಾರ. ಬರ್ತಾರ."

ಅಷ್ಟಕ್ಕೇ ಬಿಡಲಿಲ್ಲ. ದೋಣಿಯ ಮಗ್ಗಲಿಂದ ಅದರ ಹೊಟ್ಟೆಯ ಕೆಳಗಿನ ತನಕ ತಾನೇ ತಗ್ಗು ತೋಡಿ, ಹಲಗೆಯನ್ನು ಅದರೊಳಗೆ ಇಳಿಬಿಟ್ಟಳು. ಬೇರೆ ಯಾರೂ ಎತ್ತದಂತೆ ರಾಟೆಯ ಹಿಡಿಕೆ ಬಿಚ್ಚಿ ತನ್ನ ಹತ್ತಿರ ಇಟ್ಟುಕೊಂಡಳು. "ಬಂದು ಅವರs ಎತ್ತಲಿ. ನನಗ ಗೊತ್ತಾಗ್ತದ" ಎಂದಳು. ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಅಂತಲೂ ಅನಿಸುತ್ತಿತ್ತು.

ಅವ್ವನ ಅಳು ತಾಳದೆ, ನಂದಾಳಿಗೆ ತಿಳಿಹೇಳಲೆಂದು ಬೀರದೇವನ ಜೊತೆ ಕೆಲಸ ಮಾಡಿದ ಅಸಂಗಿಯ ರವಿಕುಮಾರನನ್ನು ಕರೆಸಿದೆ. ನಂದಾ ನೇರವಾಗಿ ಕೇಳಿದಳು: "ಹಲಗಿ ತಾನs ಏಳ್ತದೇನ್ರಿ?"

"ಏಳ್ತದಲ್ರೀ ವೈನಿ. ಉಸುಕಿಗೆ ತಾಗಿತಂದ್ರ ತಾನs ಮಡಚಿಕೊಂಡು ಒಳಗ ಹೋಗ್ತದ. ಅದs ಅದರ ಭಾರಿ ಗುಣ. ಮನಷಾ ಇರಬೇಕಂತ ಏನಿಲ್ಲ."

ಪಾಪ, ದೋಣಿಯನ್ನು ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ನಂದಾ ಚಹಾ ಕೊಟ್ಟಳು, ಅವನನ್ನು ಬಸ್ಸಿಗೆ ಕಳಿಸಿದಳು. ಬಳಿಕ ನನ್ನ ಮುಖ ನೋಡದೆ, "ಕಂಬಳಿ ತರತೇನ್ರಿ. ತಗ್ಗು ಹೆಂಗೂ ತೋಡೇನಿ" ಎಂದಳು. ಗೆದ್ದವನು ನಾನು. ಎಲ್ಲಾದರೂ ಮುಖ ಮುಚ್ಚಿಕೊಂಡು ಅಳಬೇಕೆನಿಸಿತು.

ಮಧ್ಯಾಹ್ನದ ಬಿಸಿಲು. ಕುಸಿದ ಮಣ್ಣು ತೆಗೆಯಲು ಸಲಿಕೆ ಹಿಡಿದು ತಗ್ಗಿಗಿಳಿದೆ. ಕಣ್ಣೆದುರಿಗೇ ಹಲಗೆ ಜೋತಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ರಾಟೆ ಕಟಕಟ ಎಂದಿತು. ಹಲಗೆ ಅಲುಗಾಡಿ ಮೇಲೇಳತೊಡಗಿತು.

"ಸಾವಕಾಶ ತಿರುವು ನಂದಾ, ಕೈ ಜಾರೀತು" ಎಂದು ಕೂಗಿದೆ. ಹಲಗೆ ಪೂರ್ತಿ ಒಳಗೆ ಹೋಯಿತು. ಅಂಚಿನಿಂದ ನನ್ನ ಕೈಮೇಲೆ ನೀರು ತೊಟ್ಟಿಕ್ಕಿತು. ಬಾಯಿಗೆ ತಾಗಿದ್ದು ಉಪ್ಪುಪ್ಪಾಗಿತ್ತು. ಬೆವರು ಅಂದುಕೊಂಡೆ.

ಮೇಲೆ ಹತ್ತಿ ಬಂದೆ. ನಂದಾ ಮನೆಯ ಕಡೆಯಿಂದ ಆಗಷ್ಟೇ ನಡೆದು ಬರುತ್ತಿದ್ದಳು. ಹೆಗಲ ಮೇಲೆ ಕಂಬಳಿ. ಕೈಯಲ್ಲಿ ರಾಟೆಯ ಹಿಡಿಕೆ. ಅದನ್ನು ಸಿಕ್ಕಿಸದೆ ರಾಟೆ ಒಂದು ಸುತ್ತೂ ತಿರುಗುವುದಿಲ್ಲ.

ಅವಳು ಬಗ್ಗಿ ನೋಡಿದಳು. "ಯಾರ ಎತ್ತಿದ್ರು?"

"ನಾನs" ಎಂದೆ. ಅವಳಿಗೆ ಇನ್ನಾದರೂ ಬಿಡುಗಡೆಯಾಗಲಿ ಎಂದೇ ಹೇಳಿದೆ.

ಅವಳು ಕೈಯಲ್ಲಿದ್ದ ಹಿಡಿಕೆ ನೋಡಿದಳು, ಮಣ್ಣು ಮೆತ್ತಿದ ನನ್ನ ಕೈ ನೋಡಿದಳು. "ಸುಳ್ಳು ಹೇಳಾಕ ಬರೂದಿಲ್ಲ ಬಿಡ್ರಿ ನಿಮಗ" ಎಂದು ನಕ್ಕಳು. ವರ್ಷವಾದ ಮೇಲೆ ನಕ್ಕಳು. ಹಿಡಿಕೆಯನ್ನು ಅಲ್ಲೇ ಬಿಟ್ಟು, ಕಂಬಳಿಯೊಂದಿಗೆ ಏಣಿ ಹತ್ತಿ ದೋಣಿಯ ಒಳಗೆ ಹೋದಳು.

"ಪೂರಾ ತೊಯ್ದೀರಲ್ಲ" ಎಂಬ ಅವಳ ದನಿ ಕೇಳಿಸಿತು. "ತಗೋರಿ, ಹೊಚ್ಚಿಕೋರಿ."

ನನ್ನ ಬೆನ್ನಿಗೆ ಬಿದ್ದ ತಮ್ಮ. ಹೆಸರು ಹಿಡಿದು ಒಂದು ಸಲ ಕರೆಯಬಹುದಿತ್ತು. ಒಳಗಿನಿಂದ ಉತ್ತರ ಬಂದೀತೆಂದು ಅಂಜಿ, ಸಲಿಕೆ ಬಿಸಾಡಿ ಮನೆಗೆ ಓಡಿಬಿಟ್ಟೆ.