ಬಾಡಿಗೆಯ ಬಾಯಿ

ಆ ಕಡಲಾಚೆಯ ಭಾಷೆಯ ಬಗ್ಗೆ ಮಾವ ಬರೆದ ಪುಸ್ತಕಗಳನ್ನು ಪೇರಿಸಿದರೆ ಒಂದು ಕಿಟಕಿ ಮುಚ್ಚಿಹೋಗುತ್ತಿತ್ತು. ಅದರ ನಿಘಂಟು, ಅದರ ವ್ಯಾಕರಣ, ಅದರ ಹಳೆಯ ಕಾವ್ಯಕ್ಕೆ ಟೀಕೆ, ಟೀಕೆಯನ್ನು ಆಡಿಕೊಂಡವರಿಗೆ ಉತ್ತರ. ಬರೆಯದೆ ಬಿಟ್ಟದ್ದು ಏನೂ ಇರಲಿಲ್ಲ. ಬಾಯಿ ಬಿಟ್ಟರೆ ಮಾತ್ರ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ.

ಈ ಗುಟ್ಟು ಮನೆಯಲ್ಲಿ ಗೊತ್ತಿದ್ದದ್ದು ಅಳಿಯನೊಬ್ಬನಿಗೆ. ಅವನ ಕಸುಬು ಸಿನಿಮಾಕ್ಕೆ ಕಂಠ ಕೊಡುವುದು. ಇಲ್ಲಿನ ಸಿನಿಮಾ ಆ ದೇಶಕ್ಕೆ ಹೋಗುವಾಗ ಖಳನಾಯಕರಿಗೆಲ್ಲ ಇವನದೇ ದನಿ. ನಮ್ಮ ಅಕ್ಷರದಲ್ಲಿ ಬರೆದುಕೊಟ್ಟದ್ದನ್ನು ಪರದೆಯ ಮೇಲಿನ ತುಟಿ ನೋಡಿಕೊಂಡು, ಅಲ್ಲಿಯವರದೇ ರಾಗದಲ್ಲಿ ಒಪ್ಪಿಸುತ್ತಿದ್ದ. ಅರ್ಥ? ಅರ್ಥಕ್ಕೆಂದು ಅವನಿಗೆ ಯಾರೂ ಕೂಲಿ ಕೊಟ್ಟಿರಲಿಲ್ಲ.

ಶಾಲೆಗೆ ಅರ್ಧಕ್ಕೇ ಕೈಮುಗಿದವನು ಅಳಿಯನಾಗಿ ಬಂದದ್ದು ಮಾವನಿಗೆ ನುಂಗಲಾರದ ತುತ್ತು. ಬಂದವರ ಮುಂದೆ ಅವನನ್ನು ‘ನಮ್ಮ ಗಿಳಿ’ ಎಂದೇ ಪರಿಚಯಿಸುತ್ತಿದ್ದರು. ಇವನೇನು ಕಡಿಮೆಯೇ? ಬಂದವರು ಹೋದ ಮೇಲೆ, ನಿಮ್ಮ ಭಾಷೆ ನಿಮ್ಮ ಬಾಯಲ್ಲಿ ಕೇಳಿದರೆ ಅಲ್ಲಿಯವರು ಪೊಲೀಸರನ್ನು ಕರೆಯುತ್ತಾರೆ ಎನ್ನುತ್ತಿದ್ದ. ಮಾವನ ಉತ್ತರ ಯಾವಾಗಲೂ ಒಂದೇ: “ಮೀನಿನ ಬಗ್ಗೆ ಬರೆಯೋನಿಗೆ ಈಜು ಬರಬೇಕೇನಯ್ಯಾ?” ಇವನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ದಡದಲ್ಲಿ ಕೂತು ಮೀನಿನ ಮುಳ್ಳು ಎಣಿಸಿದ ಮನುಷ್ಯ, ಒಂದು ದಿನವಾದರೂ ಕಾಲು ಒದ್ದೆ ಮಾಡಿಕೊಂಡಿದ್ದರೆ!

ಆಗ ಭಾಷಾ ಸಂಸ್ಥೆಯ ನಿರ್ದೇಶಕರ ಕುರ್ಚಿ ಖಾಲಿಯಾಯಿತು. ಮಾವ ಜೀವಮಾನವಿಡೀ ಕಣ್ಣಿಟ್ಟಿದ್ದ ಕುರ್ಚಿ. ಕೊಡಬೇಕಾದವರು ಸಂಸ್ಥೆಯ ಅಧ್ಯಕ್ಷರು. ಆ ಭಾಷೆಯಲ್ಲಿ ಅಧ್ಯಕ್ಷರಿಗೆ ಬರುತ್ತಿದ್ದದ್ದು ನಮಸ್ಕಾರ ಮತ್ತು ಧನ್ಯವಾದ. ಎರಡನ್ನೂ ಎಷ್ಟು ಚೆಂದ ಹೇಳುತ್ತಿದ್ದರೆಂದರೆ, ನಡುವಿನದ್ದೆಲ್ಲ ಅವರಿಗೆ ಬರುತ್ತದೆಂದು ಜನ ತಾವಾಗಿಯೇ ನಂಬಿಬಿಟ್ಟಿದ್ದರು. ಆ ದೇಶದ ವಿದ್ವಾಂಸರು ಬರಲಿದ್ದಾರೆ, ಅವರೆದುರು ಅವರ ಭಾಷೆಯಲ್ಲೇ ಭಾಷಣವಾಗಲಿ, ಉಚ್ಚಾರಣೆ ಶುದ್ಧವಿದ್ದರೆ ಕುರ್ಚಿ ನಿಮ್ಮದು ಎಂದರು ಅಧ್ಯಕ್ಷರು. ಏನು ಹೇಳುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಮಾವ, ಮೊದಲ ಸಲ, ಅಳಿಯ ಕೆಲಸ ಮಾಡುವ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಗಂಟಲು ಕೆಟ್ಟಿದೆ ಅಂತ ಹೇಳಿ ಮಫ್ಲರ್ ಸುತ್ತಿಕೊಂಡು ಕೂರುತ್ತೇನೆ, ಮೊದಲೇ ಧ್ವನಿಮುದ್ರಿಸಿದ ಭಾಷಣ ಹಾಕಿದರಾಯಿತು, ನನ್ನ ದನಿ, ಅವರ ಉಚ್ಚಾರಣೆ, ಎರಡೂ ನಿನಗೆ ಬರುತ್ತಲ್ಲ ಎಂದರು. ‘ಗಿಳಿ’ ಎನ್ನಲಿಲ್ಲ. ಹೆಂಡತಿಯ ಮುಖ ನೆನೆದು ಇವನು ಒಪ್ಪಿದ.

ಮಾವ ಭಾಷಣವನ್ನು ನಮ್ಮ ಅಕ್ಷರದಲ್ಲಿ ನಕಲು ಮಾಡಿಕೊಟ್ಟರು. ಹಳೆಯ ಹಸ್ತಪ್ರತಿ ತಿದ್ದಿದ ಕೈ ಅದು. ಮೂಲದಲ್ಲಿದ್ದ ಒಂದು ಚುಕ್ಕೆಯನ್ನೂ ಬಿಡುವ ಪೈಕಿಯಲ್ಲ. ಇವನೂ ಅಷ್ಟೇ. ಕಾಗದದ ಮೇಲಿದ್ದದ್ದನ್ನು ಬಿಡದೆ ಓದುವುದು, ಪ್ರಶ್ನೆ ಕೇಳದಿರುವುದು ಅವನ ಕಸುಬಿನ ಕಟ್ಟಳೆ. ಮಾವನ ದನಿಯ ಗೊರಗೊರವನ್ನೂ ಸೇರಿಸಿ ಮುದ್ರಿಸಿಕೊಟ್ಟ.

ಸಭಾಂಗಣದಲ್ಲಿ ಅವನು ಹಿಂದಿನ ಸಾಲಿನ ಯಂತ್ರದ ಬಳಿ ನಿಂತ. ವೇದಿಕೆಯ ಮೇಲೆ ಮಾವ, ಮಫ್ಲರ್‌ನೊಳಗೆ ಆಮೆಯಂತೆ. ಭಾಷಣ ಶುರುವಾದದ್ದೇ ಅಧ್ಯಕ್ಷರು ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆ ಆಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ಅತಿಥಿಗಳ ಮುಂದಾಳು, ಬೆಳ್ಳಿಗೂದಲಿನ ಹೆಂಗಸು, ಪಕ್ಕನೆ ನಕ್ಕರು. ಮತ್ತೆ ಸ್ವಲ್ಪ ಹೊತ್ತಿಗೆ ಅತಿಥಿಗಳೆಲ್ಲ ನಕ್ಕರು. ಒಬ್ಬ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅತಿಥಿಗಳು ನಕ್ಕಾಗಲೆಲ್ಲ ಅಧ್ಯಕ್ಷರೂ ಒಂದು ಗಳಿಗೆ ತಡವಾಗಿ ನಕ್ಕರು. ಅವರು ಚಪ್ಪಾಳೆ ಹೊಡೆದಾಗ ಇವರು ಎದ್ದು ನಿಂತೇ ಹೊಡೆದರು.

ಮಾವನ ಮುಖ ಸುಣ್ಣವಾಗಿತ್ತು. ಭಾಷಣ ಮುಗಿದದ್ದೇ ಯಂತ್ರದ ಬಳಿ ಓಡಿಬಂದು ಅಳಿಯನ ತೋಳು ಹಿಡಿದರು. “ಕಂಸದಲ್ಲಿ ಇದ್ದದ್ದನ್ನೂ ಓದಿದ್ದೀಯಲ್ಲೋ.”

“ಬರೆದಿದ್ರಿ, ಓದ್ದೆ. ಏನಿತ್ತು ಅದ್ರಲ್ಲಿ?”

“ನನಗೆ ನಾನೇ ಆ ಭಾಷೇಲೇ ಬರ್ಕೊಂಡಿದ್ದು. ‘ಇಲ್ಲಿ ನೀರು ಕುಡಿ.’ ‘ಇಲ್ಲಿ ಅಧ್ಯಕ್ಷನ ಕಡೆ ತಿರುಗಿ ಹಲ್ಲು ಕಿರಿ. ಪೆದ್ದ, ಹೊಗಳಿದರೆ ಕರಗ್ತಾನೆ.’”

ಅಳಿಯ ಅಧ್ಯಕ್ಷರತ್ತ ನೋಡಿದ. ಪೆದ್ದನೆಂದು ತುಂಬಿದ ಸಭೆಯಲ್ಲಿ, ಅಪ್ಪಟ ಉಚ್ಚಾರಣೆಯಲ್ಲಿ ಕರೆಸಿಕೊಂಡ ಮನುಷ್ಯ ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇದ್ದರು. ಇಂಥವರು ಕುರ್ಚಿ ಹಂಚುತ್ತಾರೆ. ಇಂಥವರ ಕುರ್ಚಿಗೆ ಇಂಥವರು ಮಫ್ಲರ್ ಸುತ್ತಿಕೊಂಡು ಬರುತ್ತಾರೆ.

ಅಷ್ಟರಲ್ಲಿ ಬೆಳ್ಳಿಗೂದಲಿನ ಹೆಂಗಸು ನಗು ಅಡಗಿಸಿಕೊಳ್ಳುತ್ತ ಬಂದು, ಮಾವನನ್ನು ಏನೋ ಕೇಳಿದರು. ಅವರ ಬೆರಳು ಹಳೆಯ ಕಾವ್ಯಕ್ಕೆ ಮಾವ ಬರೆದ ಟೀಕೆಯ ಒಂದು ಪುಟದೊಳಗಿತ್ತು. ಮಾವ ಮಫ್ಲರ್ ಮುಟ್ಟಿಕೊಂಡರು. ಆಮೇಲೆ ಪುಟದ ಆಸೆ ತಡೆಯಲಾರದೆ ಬಾಯಿ ಬಿಟ್ಟರು. ಜಲ್ಲಿ ಸುರಿಯಿತು. ಹೆಂಗಸು ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಹೇಳಿಸಿಕೊಂಡರು. ಹುಬ್ಬು ಸಡಿಲವಾಯಿತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಅಧ್ಯಕ್ಷರಿಗೆ ಮಾತ್ರ ಕೆಟ್ಟ ವಾಸನೆ ಬಡಿದಂತಾಯಿತು. ಮಾವನನ್ನು ಪಕ್ಕಕ್ಕೆ ಎಳೆದು, ಭಾಷಣದ ದನಿ ಯಾರದೆಂದು ಕೇಳಿ, ಅಳಿಯನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಮೋಸ ಎನ್ನುತ್ತಾರೆಂದು ಇವನು ಕಾದ. ಅವರೆಂದದ್ದೇ ಬೇರೆ.

“ನೋಡಿ, ಕುರ್ಚಿ ನಿಮಗೇ ಕೊಡ್ತೀನಿ. ಆದ್ರೆ ಜನರ ಮುಂದೆ ನೀವು ಬಾಯಿ ಬಿಡಬಾರದು. ನಿಮ್ಮ ಪರವಾಗಿ ಇವರು ಮಾತಾಡ್ಲಿ. ಅರ್ಥ ಗಿರ್ಥ ಆಮೇಲೆ ಕಲಿತರಾಯ್ತು. ಈಗ ಹೋಗಿ ವಂದನೆ ಹೇಳ್ಲಿ, ನಾನೂ ಕೇಳ್ತೀನಿ.”

ಮಾವ ಅಳಿಯನ ಕಡೆ ತಿರುಗಿದರು. ಆ ಕಣ್ಣಲ್ಲಿ ಬೇಡಿಕೆಯಿತ್ತು. ಅದನ್ನು ನೋಡಿ ಇವನಿಗೆ ಕನಿಕರ ಬರಲಿಲ್ಲ, ಹೇಸಿಗೆ ಬಂತು.

“ನಂದು ಬಾಡಿಗೆ ಬಾಯಿ, ಮಾವ. ಖಳನಾಯಕರಿಗೆ ಕೊಡ್ತೀನಿ, ನಿಮಗೆ ಇನ್ನು ಕೊಡಲ್ಲ. ಆಯಮ್ಮನಿಗೆ ತಿಳೀತಲ್ಲ ನೀವು ಹೇಳಿದ್ದು? ಹೋಗಿ ಈಜಿ.”

ಹೆಂಗಸು ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ಮಾವ ಮಫ್ಲರ್ ಬಿಚ್ಚಿ ಅಳಿಯನ ಕೈಗೆ ತುರುಕಿ, ಮೈಕಿನ ಮುಂದೆ ಹೋಗಿ, ತಮ್ಮದೇ ದನಿಯಲ್ಲಿ ವಂದನೆ ಹೇಳಲು ಶುರುಮಾಡಿದರು.

ಅಬ್ಬಾ, ಕೇಳಲಾಗದು. ಒಂದು ಅಕ್ಷರವೂ ತನ್ನ ಜಾಗದಲ್ಲಿರಲಿಲ್ಲ. ಅಧ್ಯಕ್ಷರು ಕುರ್ಚಿಯ ಮಾತನ್ನೂ ಜೊತೆಗೆ ತೆಗೆದುಕೊಂಡು, ನಮಸ್ಕಾರ ಧನ್ಯವಾದ ಎರಡೂ ಇಲ್ಲದೆ ಹೊರಟುಹೋದರು. ಅತಿಥಿಗಳು ಕಿವಿಗೆ ಕೈಯಾನಿಸಿ ಮುಂದಕ್ಕೆ ಬಾಗಿದರು. ಅಳಿಯ ಅಭ್ಯಾಸಬಲದಿಂದ ಮಾವನ ತುಟಿ ನೋಡಿ ತನ್ನ ತುಟಿ ಆಡಿಸಲು ಹೋದ. ಎಲ್ಲಿಯೂ ಕೂಡಿಬರಲಿಲ್ಲ.