ಗೂಳಪ್ಪನ ಕಿವಿ

ಭೋಸರಿಯ ಕಾರ್ಖಾನೆಯ ಒಂದೇ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಗೇರ್‌ಬಾಕ್ಸುಗಳ ಸದ್ದು ಕೇಳಿ ಕೇಳಿ ಗೂಳಪ್ಪನಿಗೆ ಸಾಕಾಗಿ ಹೋಗಿತ್ತು. ಸಾಕು ಅಂದರೆ ಬಿಡುವವರು ಯಾರು? ರಿಟೈರಾಗಲು ಇನ್ನೂ ಆರು ವರ್ಷ ಬಾಕಿ, ಮಗಳು ನೀತಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದಳು. ಹಾಗಾಗಿ ದಿನಾ ಬೆಳಿಗ್ಗೆ ದೇಹೂ ರೋಡಿನಲ್ಲಿ ಲೋಕಲ್ ರೈಲು ಹತ್ತುವುದು, ಬಾಗಿಲ ಹತ್ತಿರ ನೇತಾಡುವುದು, ಶೆಡ್ಡಿಗೆ ಬಂದು ಆ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದು.

ಅವನ ಕೆಲಸವೆಂದರೆ ಇಷ್ಟೇ. ತಿರುಗುತ್ತಿರುವ ಗೇರ್‌ಬಾಕ್ಸಿನ ಮೈಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಒಂದು ನಿಮಿಷ ಕಣ್ಣು ಕಿರಿದು ಮಾಡಿ ನಿಂತು, "ಇದು ಪಾಸ್", ಇಲ್ಲವೇ "ಇದನ್ನ ಬಿಚ್ರಿ" ಅನ್ನುವುದು. ಅವನು ಬಿಚ್ಚಿ ಅಂದದ್ದರೊಳಗೆ ಏನಾದರೊಂದು ಕೆಟ್ಟಿರುವುದು ಸಿಕ್ಕೇ ಸಿಗುತ್ತಿತ್ತು. ಗೂಳಪ್ಪನ ಕಿವಿ ಅಂದರೆ ಕಂಪನಿಯಲ್ಲಿ ಅಷ್ಟು ಹೆಸರು.

ಆದರೆ ಆ ಹೆಸರಿನ ಕಿವಿ ಒಂದು ವರ್ಷದಿಂದ ಕೈಕೊಟ್ಟಿತ್ತು. ದಪ್ಪ ಸದ್ದೆಲ್ಲ ಚೆನ್ನಾಗಿಯೇ ಕೇಳುತ್ತಿತ್ತು. ಗುರುಗುಟ್ಟುವುದು, ಕಟಕಟ ಅನ್ನುವುದು, ಸಾಹೇಬರ ಬೈಗುಳ, ಎಲ್ಲಾ. ಬೇರಿಂಗ್ ಕೆಟ್ಟಾಗ ಬರುವ ಆ ಸಣ್ಣ ಸಿಳ್ಳು ಮಾತ್ರ ಮಾಯ. ಗಂಟೆಗೊಮ್ಮೆ ಕೂಗುವ ನೀತಾಳ ಕೈಗಡಿಯಾರವೂ ಕೇಳುತ್ತಿರಲಿಲ್ಲ. ಮಷೀನುಗಳ ಗದ್ದಲ ಇಪ್ಪತ್ತಾರು ವರ್ಷ ಕಿವಿಯನ್ನು ತಿಂದರೆ ಉಳಿಯುವುದೆಷ್ಟು ಮಹಾ!

ಹಾಗಾದರೆ ವರ್ಷವಿಡೀ ನಡೆಸಿದ್ದು ಹೇಗೆ? ಧರ್ಮರಾಜನ ಮುಖ ನೋಡಿ. ಧರ್ಮರಾಜ ಆಳಂದದ ಕಡೆಯವನು, ಗೇರ್‌ಬಾಕ್ಸುಗಳನ್ನು ಬೆಂಚಿಗೆ ಬಿಗಿದು ಸ್ವಿಚ್ ಹಾಕುವ ಫಿಟ್ಟರ್. ಸಿಳ್ಳು ಬಂತೆಂದರೆ ಹುಣಸೆಕಾಯಿ ಕಚ್ಚಿದವನ ಹಾಗೆ ಅವನ ಮುಖ ಕಿವುಚಿಕೊಳ್ಳುತ್ತಿತ್ತು. ಗೂಳಪ್ಪ ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಆ ಮುಖವನ್ನೇ ಕದ್ದು ನೋಡಿ "ಬಿಚ್ರಿ" ಅನ್ನುತ್ತಿದ್ದ. ಥೂ, ನಾಚಿಕೆಗೇಡಿನ ಬಾಳು! ಮನೆಗೆ ಬಂದು ಉಂಡ ಅನ್ನವೂ ರುಚಿಸುತ್ತಿರಲಿಲ್ಲ.

ತೊಂಬತ್ತೆಂಟರ ಜೂನಿನಲ್ಲಿ ಶೆಡ್ಡಿಗೆ ಕಂಪ್ಯೂಟರ್ ಬಂತು. ಗೇರ್‌ಬಾಕ್ಸಿಗೆ ಒಂದು ಬಿಲ್ಲೆ ಅಂಟಿಸಿದರೆ ಸದ್ದೆಲ್ಲ ಪರದೆಯ ಮೇಲೆ ಗೀಟುಗಳಾಗಿ ಕಾಣುತ್ತಿತ್ತು. ಇನ್‌ಚಾರ್ಜ್ ಪ್ರಲ್ಹಾದ ಸಾಹೇಬರು, ಬಾಗಲಕೋಟೆಯವರು, ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಮೂರು ತಿಂಗಳು ಟೈಮ್ ಅದ. ಕಲತವರು ಇದರ ಮುಂದ ಕೂಡೂದು. ಕಲೀದವರು ಪ್ಯಾಕಿಂಗಿಗೆ ಹೋಗೂದು."

ಉಳಿದವರ ಮುಖ ಬಾಡಿತು. ಗೂಳಪ್ಪನಿಗೆ ಮಾತ್ರ ಒಳಗೊಳಗೇ ಹೋದ ಜೀವ ಬಂದಂತಾಯಿತು. ಈ ಯಂತ್ರಕ್ಕೆ ಕಿವಿ ಬೇಡ, ಕಣ್ಣಿದ್ದರೆ ಸಾಕು. ಆ ಕುರ್ಚಿ ಸಿಕ್ಕಿಬಿಟ್ಟರೆ ಕಿವಿಯ ಸುದ್ದಿ ಯಾರಿಗೂ ತಿಳಿಯುವುದಿಲ್ಲ.

ಆದರೆ ಕಂಪನಿ ಕೊಟ್ಟ ಪುಸ್ತಕ ತೆರೆದು ನೋಡಿದರೆ, ಅಯ್ಯೋ ದೇವರೇ, ಪುಟದ ತುಂಬ ಕೊಕ್ಕೆ, ಸೊನ್ನೆ, ಹಾವಿನ ಮರಿ. ಐಟಿಐ ಮುಗಿಸಿದ ತಲೆಗೆ ಅದು ಇಳಿಯುವುದುಂಟೆ? ಇಡೀ ದಿನ ನಿಂತ ಕಾಲು, ಲೋಕಲ್ಲಿನ ನೂಕಾಟ, ಮೇಲೆ ಈ ಪುಸ್ತಕ. ಮೂರು ವಾರದಲ್ಲಿ ತಲೆ ಚಿಟ್ಟು ಹಿಡಿದು ಕೈ ಚೆಲ್ಲಿ ಕೂತ.

"ಅಪ್ಪಾ, ಅದನ್ನ ಮುಚ್ಚು," ಅಂದಳು ನೀತಾ. "ಆ ಗಣಿತ ನಮಗೂ ತಿಳಿಯೂದಿಲ್ಲ, ಪರೀಕ್ಷಾಕ್ಕ ಬಾಯಿಪಾಠ ಮಾಡ್ತೀವಿ ಅಷ್ಟ. ಸಂತ್ಯಾಗ ಜೋಳದ ಚೀಲಕ್ಕ ಕೊಳವಿ ಚುಚ್ಚಿ ಒಂದು ಹಿಡಿ ತಗದು ನೋಡ್ತಾರ ಹೌದಿಲ್ಲೋ?"

"ಹೌದು. ಇಡೀ ಚೀಲ ಯಾರು ಸುರವತಾರ?"

"ಕಂಪ್ಯೂಟರೂ ಹಂಗ. ಸದ್ದಿನೊಳಗ ಸೆಕೆಂಡಿಗೆ ಇಷ್ಟು ಸಲ ಅಂತ ಕೈ ಹಾಕಿ ನೋಡ್ತದ. ಆಮ್ಯಾಲೆ ಬಿಡಿಸಿ ಇಡ್ತದ. ಭಜನಿಯೊಳಗ ತಾಳ ಬ್ಯಾರೆ, ಪೇಟಿ ಬ್ಯಾರೆ, ತಬಲಾ ಬ್ಯಾರೆ ಕೇಳ್ತದಲ್ಲ ನಿನಗ? ಹಂಗ. ದಪ್ಪ ಸದ್ದಿನ ಗೀಟು ಎಡಕ್ಕ, ಸಣ್ಣದು ಬಲಕ್ಕ. ಮುಗೀತು."

"ಇಷ್ಟನ? ಇದಕ್ಕ ಅಷ್ಟು ದಪ್ಪ ಪುಸ್ತಕ ಬರದಾರ?"

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸಾವಂತ್ರವ್ವ ಒಳಗಿನಿಂದಲೇ ನಕ್ಕಳು. "ಅಪ್ಪ ಮಗಳು ಇಬ್ಬರಿಗೂ ಹುಚ್ಚು ಹಿಡದದ. ಉಣ್ಣಾಕ ಏಳ್ರಿ ಮೊದಲ."

ಒಂದು ಭಾನುವಾರ ಟಿವಿಯಲ್ಲಿ ಹಳೇ ಸಿನಿಮಾ ಬರುತ್ತಿತ್ತು. ಟಾಂಗಾ ಮುಂದಕ್ಕೆ ಓಡುತ್ತಿದ್ದರೆ ಅದರ ಗಾಲಿ ನಿಧಾನಕ್ಕೆ ಹಿಂದಕ್ಕೆ ತಿರುಗುತ್ತಿದೆ! ನೀತಾ ಅಪ್ಪನನ್ನು ತಿವಿದಳು. "ನೋಡಲ್ಲಿ. ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ನಾಕು ಸಲ ಅಷ್ಟ ಕಣ್ಣು ಬಿಡ್ತದ. ನಡುವ ಗಾಲಿ ಏನು ಮಾಡ್ತು, ಅದಕ್ಕ ಗೊತ್ತಿಲ್ಲ. ಹಿಂಗಾಗಿ ಜೋರಾಗಿ ತಿರುಗೂದು ನಿಧಾನ ಕಾಣ್ತದ. ನಿನ್ನ ಮಷೀನೂ ಕಡಿಮಿ ಸಲ ನೋಡಿದ್ರ ಹಿಂಗ ಸುಳ್ಳು ಹೇಳ್ತದ. ಸಣ್ಣ ಸಿಳ್ಳು ದಪ್ಪ ಸದ್ದಾಗಿ ಎಡಕ್ಕ ಬಂದು ನಿಲ್ತದ."

ಚಿಕ್ಕವಳಿದ್ದಾಗ ತನ್ನ ಹೆಗಲ ಮೇಲೆ ಕೂತು ಸಿನಿಮಾ ನೋಡಿದವಳು ಈಗ ತನಗೇ ಪಾಠ ಹೇಳುವುದನ್ನು ಕಂಡು ಗೂಳಪ್ಪನ ಕಣ್ಣು ತುಂಬಿತು. ಸಿನಿಮಾ ಅಳು ಬರಿಸುವಂಥದ್ದೇನೂ ಆಗಿರಲಿಲ್ಲ.

ಮೂರು ತಿಂಗಳು ಮುಗಿದು ಪರೀಕ್ಷೆಯ ದಿನ ಬಂತು. ಧರ್ಮರಾಜ ಒಂದೊಂದೇ ಗೇರ್‌ಬಾಕ್ಸ್ ಬಿಗಿದು ಸ್ವಿಚ್ ಹಾಕಬೇಕು, ಗೂಳಪ್ಪ ಪರದೆ ನೋಡಿ ಹೇಳಬೇಕು, ಪ್ರಲ್ಹಾದ ಸಾಹೇಬರು ಬರೆದುಕೊಳ್ಳಬೇಕು. ಮೊದಲೆರಡು ಸಲೀಸಾಗಿ ಮುಗಿದವು. ಮೂರನೆಯದಕ್ಕೆ ಪರದೆಯ ಎಡತುದಿಯಲ್ಲಿ ಎತ್ತರದ ಗೀಟೊಂದು ಎದ್ದು ನಿಂತಿತು. ಎಡಕ್ಕೆ ಅಂದರೆ ದಪ್ಪ ಸದ್ದು, ದಪ್ಪ ಸದ್ದು ಅಂದರೆ ದೊಡ್ಡ ಗೇರು ಕೆಟ್ಟಿದೆ. ಹಾಗೆ ಹೇಳಿಬಿಟ್ಟರೆ ಪರೀಕ್ಷೆ ಪಾಸು.

ಆದರೆ ಕೈ ಕೇಳಬೇಕಲ್ಲ! ಇಪ್ಪತ್ತಾರು ವರ್ಷದ ರೂಢಿ, ತಾನಾಗಿಯೇ ಹೋಗಿ ಸ್ಕ್ರೂಡ್ರೈವರ್ ಹಿಡಿದುಕೊಂಡಿತು. ಕಿವಿಗಿಟ್ಟರೆ ದಪ್ಪ ಸದ್ದೇನೂ ಇಲ್ಲ. ದಪ್ಪ ಸದ್ದು ಅವನಿಗೆ ತಪ್ಪುವಂಥದ್ದೇ ಅಲ್ಲ. ತಲೆಯೆತ್ತಿ ನೋಡಿದ. ಧರ್ಮರಾಜನ ಮುಖ ಹುಣಸೆಕಾಯಿ ಕಚ್ಚಿತ್ತು.

ಟಾಂಗಾದ ಗಾಲಿ ಕಣ್ಣ ಮುಂದೆ ಬಂತು.

"ಸಾಹೇಬ್ರ, ಗೇರು ಛಲೋ ಅದ. ಬೇರಿಂಗ್ ಸಿಳ್ಳು ಹಾಕ್ಲಿಕ್ಹತ್ತದ. ಈ ಮಷೀನು ಕಡಿಮಿ ಸಲ ನೋಡ್ಲಿಕ್ಹತ್ತದ, ಅದಕ್ಕ ಸುಳ್ಳು ತೋರಸ್ತದ. ಎಷ್ಟಕ್ಕ ಇಟ್ಟೀರಿ?"

ಪ್ರಲ್ಹಾದ ಸಾಹೇಬರು ತಡವರಿಸಿದರು. "ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ಇತ್ತು. ನಾನ ಆರು ಸಾವಿರಕ್ಕ ಇಳಿಸೀನಿ. ಹೆಡ್ ಆಫೀಸಿಗೆ ವಾರದ್ದೆಲ್ಲ ಒಂದ ಫ್ಲಾಪಿಯೊಳಗ ಹಿಡಸಬೇಕಲ್ರಿ."

ಮತ್ತೆ ಇಪ್ಪತ್ತು ಸಾವಿರಕ್ಕೆ ಏರಿಸಿದರು. ಎಡಗಡೆಯ ಗೀಟು ಅಳಿಸಿಹೋಗಿ ಬಲಗಡೆ ದೂರದಲ್ಲಿ ಎದ್ದು ನಿಂತಿತು. ಬಿಚ್ಚಿ ನೋಡಿದರೆ ಗೇರು ಹೊಚ್ಚಹೊಸದರಂತಿದೆ, ಬೇರಿಂಗಿನಲ್ಲಿ ಗೀರು.

"ಅರೇ ವ್ಹಾ!" ಸಾಹೇಬರು ಗೂಳಪ್ಪನ ಬೆನ್ನು ತಟ್ಟಿದರು. "ಮಷೀನು ತಪ್ಪಿದ್ರೂ ನಿಮ್ಮ ಕಿವಿ ತಪ್ಪಲಿಲ್ಲ! ಇಂಥಾ ಕಿವಿ ಇರೂತನಕ ನಮಗ ಈ ಡಬ್ಬಿ ಯಾಕ ಬೇಕು? ಇದನ್ನ ಚಾಕಣದ ಶೆಡ್ಡಿಗೆ ಕಳಸ್ತೀನಿ. ನೀವು ನಿಮ್ಮ ಸ್ಕ್ರೂಡ್ರೈವರ್ ಹಿಡಕೊಂಡು ಆರಾಮ ಇರ್ರಿ."

ಗೂಳಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದ. ಇನ್ನೂ ಆರು ವರ್ಷ. ಆರು ವರ್ಷ ಧರ್ಮರಾಜನ ಮುಖ ಕದ್ದು ನೋಡಬೇಕು. ಹೂಂ ಅಂದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಸುಳ್ಳು ಹೇಳಲಿಕ್ಕೂ ಒಂದು ಶಕ್ತಿ ಬೇಕಲ್ಲ, ಅದು ಅವನಲ್ಲಿ ಉಳಿದಿರಲಿಲ್ಲ.

"ಸಾಹೇಬ್ರ, ಆ ಸಿಳ್ಳು ನನಗ ಕೇಳಿಸಿಲ್ರಿ. ವರ್ಷ ಆತು, ಕೇಳಸೂದ ಇಲ್ಲ."

"ಮತ್ತ ಹೆಂಗ ಹೇಳಿದ್ರಿ?"

"ಇಂವನ ಮುಖ ನೋಡಿ."

ಧರ್ಮರಾಜ ತಲೆ ತಗ್ಗಿಸಿದ. "ನನಗ ಗೊತ್ತಿತ್ರಿ ಕಾಕಾ. ಅದಕ್ಕ ಮುಖ ಜರಾ ಜಾಸ್ತಿನೇ ಹಿಂಡ್ತಿದ್ದೆ."

ಸಾಹೇಬರ ದನಿ ಗಡುಸಾಯಿತು. "ಮತ್ತ ಇಂವ ರಜಾ ಹಾಕಿದ ದಿನ? ಆವತ್ತು ಎಷ್ಟು ಕೆಟ್ಟ ಮಾಲು ಹೊರಗ ಹೋದವು?"

"ಒಂದೂ ಇಲ್ರಿ. ಇಂವ ರಜಾ ಹಾಕಿದ ದಿನ ನಾನೂ ರಜಾ ಹಾಕೀನಿ."

ಪ್ರಲ್ಹಾದ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಕಾಲಿನಿಂದ ಈಚೆಗೆ ಎಳೆದರು.

"ಕೂಡ್ರಿ. ಧರ್ಮರಾಜ, ನಾಕನೇದು ಹಚ್ಚು."

ಗೇರ್‌ಬಾಕ್ಸ್ ತಿರುಗಲು ಶುರುವಾಯಿತು. ಗೂಳಪ್ಪ ಕುರ್ಚಿಯಲ್ಲಿ ಕೂತು ರೂಢಿಯಂತೆ ಧರ್ಮರಾಜನ ಕಡೆ ನೋಡಿದ. ಧರ್ಮರಾಜ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.