ಕಿಟಕಿಯ ಬಳಿ ಬಾರದ ಅಳು

ತಸ್ಸಾದಿತ್‌ಗೆ ಅಳು ಬರುತ್ತಿರಲಿಲ್ಲ. ಬೆಳಗ್ಗಿನಿಂದ ಅಡುಗೆಮನೆಯ ಕಿಟಕಿಯ ಬಳಿ ಕೂತು ಅದಕ್ಕಾಗಿಯೇ ಹೆಣಗುತ್ತಿದ್ದಳು. ಮಗಳು ಸಿಲ್ಯಾ ತನ್ನ ಮೊದಲ ಸಿನಿಮಾದಲ್ಲಿ ತಾಯಿಯ ಪಾತ್ರಕ್ಕೆ ತಾಯಿಯನ್ನೇ ಹಾಕಿಕೊಂಡಿದ್ದಳು. ಎರವಲು ತಂದ ಕ್ಯಾಮೆರಾ ಸಂಜೆಗೆ ವಾಪಸ್ಸು ಹೋಗಬೇಕು. ಉಳಿದದ್ದು ಈ ಒಂದು ದೃಶ್ಯ: ಅಲ್ಜೀರಿಯದ ಬೆಟ್ಟದೂರಿಂದ ಬಂದ ಹೆಂಗಸು ಫ್ರಾನ್ಸಿನ ರೂಬೆ ಪಟ್ಟಣದ ಇಟ್ಟಿಗೆ ಮನೆಯ ಕಿಟಕಿಯಾಚೆ ನೋಡುತ್ತ ಕಣ್ಣೀರಿಡಬೇಕು. ಅದಿಲ್ಲದೆ ಸಿನಿಮಾ ಇಲ್ಲ.

"ಊರು ನೆನಪು ಮಾಡ್ಕೋ ಅಮ್ಮ."

"ಮಾಡ್ಕೊಂಡೆ. ನಿಮ್ಮಜ್ಜಿ ಆಲಿವ್ ಬುಟ್ಟಿ ಸಮೇತ ಕತ್ತೆ ಮೇಲಿಂದ ಬಿದ್ದಿದ್ದು ನೆನಪಾಯ್ತು."

ಕ್ಯಾಮೆರಾ ಹಿಂದಿದ್ದ ಸಿಲ್ಯಾಳ ಗೆಳೆಯ ಬಾಸ್ತಿಯಾನ್ ಕಿಸಕ್ಕನೆ ನಕ್ಕ. ಸಿಲ್ಯಾ ನಗಲಿಲ್ಲ.

"ಈ ಹೆಂಗಸು ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ. ಒಳಗೊಳಗೇ ಎರಡು ಹೋಳಾಗಿದಾಳೆ. ಅದು ಮುಖದಲ್ಲಿ ಕಾಣ್ಬೇಕು."

"ಹೋಳಾದೋಳು ಸಂತೆಗೆ ಹೋಗಿ ಬದನೆಕಾಯಿ ಆರಿಸ್ತಾಳೇನೆ? ನಂಗಿರೋದು ಬೆನ್ನುನೋವು ಒಂದೇ. ಊರಿಗೆ ಹೋದ್ರೆ ಫ್ರಾನ್ಸ್ ಅಂತೀಯ, ಇಲ್ಲಿಗೆ ಬಂದ್ರೆ ಊರು ಅಂತೀಯ. ಅಳೋದಾದ್ರೆ ನೀನೇ ಕೂತ್ಕೋ."

ಸಿಲ್ಯಾ ತಲೆ ತಗ್ಗಿಸಿ ನೆಲದ ಮೇಲಿನ ಕ್ಯಾಮೆರಾ ತಂತಿಯನ್ನು ಸುಮ್ಮನೆ ಸುತ್ತತೊಡಗಿದಳು. ಮಾತು ನಾಟಿತೆಂದು ತಸ್ಸಾದಿತ್‌ಗೆ ಗೊತ್ತಾಯಿತು. ಮಗಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಆಯ್ತು ಬಾ, ಇನ್ನೊಂದ್ಸಲ," ಎಂದು ನೆಟ್ಟಗೆ ಕೂತಳು. ರೆಪ್ಪೆ ಬಡಿಯದೆ ಕಿಟಕಿಯಾಚೆಯ ಗೋಡೆ ದಿಟ್ಟಿಸಿದಳು. ಮುಖ ಸೋತುಹೋಯಿತು, ಕಣ್ಣಂಚು ಒದ್ದೆಯಾಗುವ ಹಾಗಿತ್ತು. ಸಿಲ್ಯಾ ಉಸಿರು ಹಿಡಿದಳು.

ಯಾರೋ ಹೊರಗಿನಿಂದ ಕಿಟಕಿಯ ಗಾಜು ಬಡಿದರು. ಪಕ್ಕದ ಮನೆಯ ದುಕೆನ್, ಹೆಂಡತಿ ತೀರಿಕೊಂಡ ಮುದುಕ. ದಿನಾ ಮಧ್ಯಾಹ್ನ ತಸ್ಸಾದಿತ್ ಈ ಕಿಟಕಿಯಿಂದಲೇ ಅವನಿಗೆ ಸೂಪು ಕೊಡುತ್ತಿದ್ದಳು. ಇವತ್ತು ಬರಬೇಡಿ, ಮಗಳ ಕೆಲಸವಿದೆ ಎಂದಿದ್ದಳು. ಅವನ ಕೈಯಲ್ಲೀಗ ಮುಚ್ಚಿದ ಪಾತ್ರೆಯಿತ್ತು.

ಅವಳು ಕಿಟಕಿ ತೆಗೆದಳು.

"ಬೆಳಗ್ಗಿಂದ ನೋಡ್ತಿದೀನಿ ಮದಾಂ, ಮುಖ ಸಪ್ಪಗೆ ಮಾಡ್ಕೊಂಡು ಕೂತಿದೀರಿ. ಊರಿಂದ ಏನೋ ಕೆಟ್ಟ ಸುದ್ದಿ ಬಂದಿರ್ಬೇಕು ಅನ್ನಿಸ್ತು. ಸೂಪು ನಾನೇ ಮಾಡಿದೆ."

ತಸ್ಸಾದಿತ್ ಮುಚ್ಚಳ ತೆಗೆದು ಮೂಸಿದಳು. "ತಳ ಹಿಡಿಸಿದೀರಿ. ಉಪ್ಪಾದ್ರೂ ಹಾಕಿದೀರಾ?"

"ಮರೆತೆ ಅನ್ಸುತ್ತೆ."

"ಇಷ್ಟು ದಿನ ನನ್ನ ಸೂಪು ಕುಡಿದು ಕಲಿತಿದ್ದು ಇದೇನಾ?" ಎನ್ನುತ್ತಲೇ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಮಗಳ ನೆನಪಾಗಿ ಗಾಬರಿಯಿಂದ ತಿರುಗಿದಳು. "ಅಯ್ಯೋ, ಕೆಡಿಸಿಬಿಟ್ಟೆ. ಇವರನ್ನ ಕಳಿಸ್ತೀನಿ, ತಾಳು. ಈಗ ಅಳ್ತೀನಿ."

ಸಿಲ್ಯಾ ಬಾಸ್ತಿಯಾನ್ ಕಡೆ ನೋಡಿದಳು. ಅವನು ಕ್ಯಾಮೆರಾ ನಿಲ್ಲಿಸಿರಲಿಲ್ಲ, ಆದರೆ ಚಿತ್ರದಲ್ಲಿ ಮುದುಕ ಅರ್ಧ ಮಾತ್ರ ಕಂಡಿದ್ದ. ಅವಳು ಕೈಯಲ್ಲಿದ್ದ ತಂತಿಯನ್ನು ಕೆಳಗೆ ಬಿಟ್ಟಳು.

"ಅಳೋದು ಬೇಡಮ್ಮ. ಉಪ್ಪು ಕೇಳಿದ್ಯಲ್ಲ, ಅದನ್ನೇ ಕೇಳು. ದುಕೆನ್ ಅವ್ರೇ, ನೀವು ಇನ್ನೊಂದ್ಸಲ ಬಂದು ಗಾಜು ಬಡೀರಿ. ಸ್ವಲ್ಪ ಎಡಕ್ಕೆ."

"ಸಿನಿಮಾದಲ್ಲಾ? ಈ ಸ್ವೆಟರ್‌ನಲ್ಲಾ? ತಾಳಮ್ಮ, ಕೋಟು ಹಾಕ್ಕೊಂಡು ಬರ್ತೀನಿ."

"ಬೆಳಕು ಹೋಗುತ್ತೆ, ಹಾಗೇ ಬನ್ನಿ," ಎಂದಳು ತಸ್ಸಾದಿತ್. ಕಿಟಕಿಯಿಂದ ಬಾಗಿ, ಅವನ ಸ್ವೆಟರಿನೊಳಗೆ ಮುದುಡಿದ್ದ ಅಂಗಿಯ ಕಾಲರನ್ನು ಹೊರಗೆಳೆದು ಸರಿಮಾಡಿದಳು.